ಹಲಗೆಯ ಮೇಲಿಟ್ಟ ಸೂಜಿ

ನಮ್ಮೂರಿನ ಫುಟ್‌ಪಾತು ಈಗ ಯಂತ್ರದ ಪಟ್ಟಿಯ ಹಾಗೆ ಜನರನ್ನು ಹೊತ್ತುಕೊಂಡೇ ಹರಿಯುತ್ತದೆ. ಏನು ಬೇಕೆಂದು ತಾನೇ ಕೇಳಿ, ಕೊಳ್ಳುವವರಿಗೆ ಮಾತ್ರ ನಿಂತು ಅಂಗಡಿ ಮುಂದಿನ ಗೇಟು ತೆರೆಯುತ್ತದೆ. ಸಣ್ಣ ವ್ಯಾಪಾರಿಗಳಿಗೆಂದು ನಗರಸಭೆ ಮಾಡಿದ ಅನುಕೂಲ. ನನ್ನ ಸೂಜಿ-ದಾರದ ಅಂಗಡಿಗೂ ಗಿರಾಕಿ ಹೆಚ್ಚಿದ್ದಾರೆ, ಸುಳ್ಳು ಹೇಳಬಾರದು. ಆದರೆ ದಿನಾ ಮಧ್ಯಾಹ್ನ ಬುತ್ತಿ ತಂದು ನನ್ನ ಜೊತೆ ಉಣ್ಣುತ್ತಿದ್ದ ಗೆಳತಿ ನೀಲವ್ವನಿಗೆ ಅದು ತೆರೆಯುವುದಿಲ್ಲ.

ನಿನ್ನೆ ಅವಳು ಸೂಜಿ ಬೇಕೆಂದಳು, ತೆರೆಯಿತು. ಇಬ್ಬರೂ ಉಂಡೆವು, ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಇವತ್ತೂ ಸೂಜಿ ಬೇಕೆಂದಳು.

"ನಿಮ್ಮ ಸೂಜಿ ಇನ್ನೂ ಚೆನ್ನಾಗಿದೆ" ಎಂದಿತು ಫುಟ್‌ಪಾತು. ನಿಲ್ಲಲಿಲ್ಲ.

"ಊಟ ಆತೇನ ಸಾವಕ್ಕಾ?" ಬುತ್ತಿ ಎತ್ತಿ ತೋರಿಸುತ್ತ ಕೂಗಿದಳು.

"ಇನ್ನೂ ಇಲ್ಲವ್ವಾ!" ಅನ್ನುವಷ್ಟರಲ್ಲಿ ತಿರುವು ದಾಟಿಬಿಟ್ಟಿದ್ದಳು.

ಸೂಜಿ ಕೈಗೆ ಕೊಟ್ಟರೆ ಸ್ನೇಹ ಕೆಡುತ್ತದೆಂದು ನಿನ್ನೆ ನಾನು ಹಲಗೆಯ ಮೇಲಿಟ್ಟೇ ಕೊಟ್ಟಿದ್ದೆ.