ಹಿಂದಕ್ಕೆ ನೋಡುವ ಗಿಳಿ

ಅಂಚೆ ಪತ್ರಗಳೆಲ್ಲ ಟ್ಯಾಬಿಗೆ ಬಂದು, ಬೀಗವಿಲ್ಲದ ಪತ್ರ ಕಳಿಸುವುದು ನಿಂತು ಹನ್ನೊಂದು ವರ್ಷವಾಗಿತ್ತು. ಪಾಸ್‌ವರ್ಡಿನ ತಂಟೆ ಬೇಡ ಅನ್ನುವವರಿಗೆ ಅಂಚೆಯವರು ರಂಗೋಲಿ ಬೀಗ ಮಾಡಿದ್ದರು. ಕಳಿಸಿದವರು ಬಿಡಿಸಿದ ರಂಗೋಲಿಯನ್ನೇ ಪಡೆದವರೂ ಬೆರಳಲ್ಲಿ ಬಿಡಿಸಿದರೆ ಪತ್ರ ತೆರೆಯುತ್ತಿತ್ತು. ಮೂರು ಸಲ ತಪ್ಪಿದರೆ ಪತ್ರವೇ ಅಳಿಸಿಹೋಗುತ್ತಿತ್ತು.

ಅಂಚೆಯ ಮುಬೀನಾ ಜಗಲಿಯ ಮೇಲೆ ಟ್ಯಾಬ್ ಇಟ್ಟು, "ನಿಮ್ಮ ತಂಗಿ ರುದ್ರಮ್ಮನವರ ಪತ್ರ ಬಂದಿದೆ, ಅಜ್ಜಿ. 'ನಮ್ಮ ಬಾಗಿಲ ಗಿಳಿ' ಅಂತ ಸುಳಿವು ಕೊಟ್ಟಿದ್ದಾರೆ," ಎಂದಳು.

ತಂಗಿಯೊಡನೆ ಮಾತು ಬಿಟ್ಟು ಆರು ವರ್ಷವಾಗಿದ್ದ ಚೆನ್ನಾಜಮ್ಮ, ಬಾಗಿಲ ಮುಂದೆ ಹಾಕಲು ಅವ್ವ ಕಲಿಸಿದ್ದ ಗಿಳಿ ರಂಗೋಲಿಯನ್ನು ಬಿಡಿಸಿದರು. ತೆರೆಯಲಿಲ್ಲ. ನಿಧಾನವಾಗಿ ಮತ್ತೆ ಅದನ್ನೇ ಬಿಡಿಸಿದರು. ಆಗಲೂ ತೆರೆಯಲಿಲ್ಲ.

"ಇನ್ನು ಒಂದೇ ಸಲ ಇರೋದು ಅಜ್ಜಿ."

"ನಂದೇನೂ ತಪ್ಪಿಲ್ಲ ಕಣಮ್ಮ. ತಪ್ಪು ಬಿಡಿಸ್ತಿದ್ದದ್ದು ಅವಳು. ಅವಳ ಗಿಳಿ ಯಾವಾಗಲೂ ಹಿಂದಕ್ಕೆ ತಿರುಗಿ ಬಾಲ ನೋಡ್ತಿತ್ತು. ದಿನಾ ನಾನೇ ಅಳಿಸಿ ತಿದ್ದುತ್ತಿದ್ದೆ."

"ಹಾಗಾದ್ರೆ ಅದನ್ನೇ ಬಿಡಿಸಿ ನೋಡಿ."

ಚೆನ್ನಾಜಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಜೀವನದಲ್ಲಿ ಮೊದಲ ಸಲ ಗಿಳಿಯ ಕತ್ತನ್ನು ಹಿಂದಕ್ಕೆ ತಿರುಗಿಸಿದರು.

ಪತ್ರ ತೆರೆಯಿತು. ಅದರಲ್ಲಿ ಇದ್ದದ್ದು ಇಷ್ಟೇ:

"ಅಕ್ಕ, ಈ ಸಲ ನನ್ನ ಗಿಳೀನ ತಿದ್ದಲಿಲ್ಲವಲ್ಲ. ಸೋಮವಾರ ಊಟಕ್ಕೆ ಬರ್ತೀನಿ."