ಕಿವಿಗೆ ಹಿಡಿದ ತೋಟೆ

“ಬಂದೂಕಿನ ತೋಟೇನ ಕಿವಿ ಹತ್ರ ಅಲ್ಲಾಡಿಸ್ತೀಯಲ್ಲೋ, ಅದೇನ್ ತೆಂಗಿನಕಾಯಾ? ಏಳನೇ ಕ್ಲಾಸ್ ಫೇಲ್ ಬುದ್ಧಿ!” ದೋಹಾದ ಬೇಟೆ ಮೇಳದ ಮಳಿಗೆಯಲ್ಲಿ, ಗಿರಾಕಿಗಳೆದುರೇ ಮ್ಯಾನೇಜರ್ ಲಕ್ಷ್ಮೀಪತಿ ಮಾರಾಟದ ಹುಡುಗ ರಿತೇಶನ ಮೇಲೆ ರೇಗಿದ. ಎಲ್ಲರೂ ನಕ್ಕರು.

ರಿತೇಶನ ಮೈ ಉರಿದುಹೋಯಿತು. ಕಾರ್ಕಳದಲ್ಲಿ ಅಪ್ಪ ಒಂದೊಂದು ತೋಟೆಯನ್ನೂ ಹೀಗೆಯೇ ಅಲ್ಲಾಡಿಸಿ, ಮದ್ದು ಒಣಗಿದ ಸದ್ದು ಕೇಳಿದ ಮೇಲೆಯೇ ಕೋವಿಗೆ ತುಂಬುತ್ತಿದ್ದ. “ಪ್ರಾಣಿ ನರಳ್ಬಾರ್ದು ಮಗಾ, ನಿಂತಲ್ಲೇ ಬೀಳ್ಬೇಕು” ಎನ್ನುತ್ತಿದ್ದ. ಆ ಕೈಯ ಮದ್ದಿನ ವಾಸನೆ ಈಗಲೂ ಮೂಗಿನಲ್ಲೇ ಇತ್ತು.

ಸ್ಕೋಪ್ ಕೂರಿಸಿದ ರಿವಾಲ್ವರಿನೊಂದಿಗೆ ವಿದೇಶಕ್ಕೆ ಜಿಂಕೆ ಬೇಟೆಗೆ ಹೊರಟಿದ್ದ ಮುದಿ ಅರಬ್ಬಿ ಮಾತ್ರ ನಗಲಿಲ್ಲ. ಎರಡು ಬಗೆಯ ಗುಂಡುಗಳನ್ನು ರಿತೇಶನ ಮುಂದಿಟ್ಟು, ಯಾವುದು ಒಳ್ಳೆಯದೆಂದು ಹಿಂದಿಯಲ್ಲಿ ಕೇಳಿದ.

“ಭಾರದ್ದು, ಬಾಬಾ. ಹಗುರದ್ದು ಒಳಗಿಳಿಯದೆ ಚರ್ಮದಲ್ಲೇ ಒಡೆದರೆ ಜಿಂಕೆ ಗಾಯ ಹೊತ್ತು ಓಡುತ್ತದೆ.”

ಮುದುಕ ತಲೆದೂಗಿ ಭಾರದ್ದನ್ನೇ ಎತ್ತಿಕೊಂಡ.

“ಎಲ್ಲಿ ಕಲಿತ್ಯೋ ಇದನ್ನ?” ಲಕ್ಷ್ಮೀಪತಿಯ ದನಿ ತಗ್ಗಿತ್ತು.

ಅಪ್ಪನ ಹೆಸರನ್ನು ಇವನ ಬಾಯಿಗೆ ಯಾಕೆ ಕೊಡಬೇಕು? ರಿತೇಶ ಹೊರನಡೆದ.