ನಿಂಗಪ್ಪನ ಮೂರನೆಯ ಸಾವು

ಬೆಳಗಿನಿಂದ ಮೂರನೆಯ ಸಲ ಸತ್ತ ನಿಂಗಪ್ಪ ಮಂಚದಿಂದ ಎದ್ದು, ಅಂಗಿ ಸರಿಮಾಡಿಕೊಂಡು ಎಲ್ಲರ ಜೊತೆ ಕುರ್ಚಿಯಲ್ಲಿ ಕೂತ. ಆಸ್ಪತ್ರೆಯ ತರಬೇತಿ ಕೋಣೆಯ ರೋಗಿ ಗೊಂಬೆಗಳೆಲ್ಲ ಹಾಗೆಯೇ; ಅಭ್ಯಾಸದ ನಂತರದ ಚರ್ಚೆಗೆ ತಪ್ಪದೆ ಹಾಜರಾಗುತ್ತವೆ. ಚರ್ಚೆ ನಡೆಸಿದವರು ಪಾಸೋ ಫೇಲೋ ಎನ್ನುವುದೂ ಅವೇ.

ಚರ್ಚೆ ನಡೆಸುವುದರಲ್ಲಿ ಸಿಸ್ಟರ್ ದಾಕ್ಷಾಯಣಿ ಎರಡು ಸಲ ಫೇಲಾಗಿದ್ದಳು. ತಪ್ಪು ಎಲ್ಲಾಯಿತೆಂದು ಡಾಕ್ಟರೇ ಹೇಳಲಿ ಎಂದು ಕಾಯದೆ, ಪ್ರಶ್ನೆ ಕೇಳಿ, "ಆಕ್ಸಿಜನ್ ಪೈಪ್ ಕಳಚಿದ್ದು ನೀವು ನೋಡಲಿಲ್ಲ" ಎಂದು ಉತ್ತರವನ್ನೂ ತಾನೇ ಹೇಳಿಬಿಟ್ಟಿದ್ದಳು. ಇದು ಕೊನೆಯ ಅವಕಾಶ.

"ಡಾಕ್ಟರ್ ಸಾಹೇಬ್ರ, ನಿಂಗಪ್ಪ ಸಾಯೂ ಮುಂದ ನಿಮ್ಮ ತಲ್ಯಾಗ ಏನ್ ನಡದಿತ್ತು?" ಎಂದು ಕೇಳಿದಳು.

ಮೂರೂ ಸಲ ನಿಂಗಪ್ಪನಿಗೆ ಚಿಕಿತ್ಸೆ ಮಾಡಿದ್ದ ಹೊಸ ಡಾಕ್ಟರ್ ಇಮ್ತಿಯಾಜ್ ತಲೆ ತಗ್ಗಿಸಿದ. ಇಪ್ಪತ್ತು ವರ್ಷ ಐಸಿಯುವಿನಲ್ಲಿ ದುಡಿದ ದಾಕ್ಷಾಯಣಿಗೆ ಉತ್ತರ ನಾಲಿಗೆಯ ತುದಿಗೇ ಬಂತು. ಹಲ್ಲು ಕಚ್ಚಿ ಕೂತಳು.

"ಪೈಪ್ ಕಳಚಿದ್ದು ಮೂರೂ ಸಲ ಕಂಡಿತ್ರಿ," ಎಂದ ಇಮ್ತಿಯಾಜ್ ಕೊನೆಗೆ. "ಹೆಂಗ ಸಿಗಸೂದು ಗೊತ್ತಿರಲಿಲ್ಲ. ನಿಮ್ಮನ್ನ ಕೇಳಾಕ ನಾಚಿಕಿ ಬಂತ್ರಿ."

ದಾಕ್ಷಾಯಣಿ ಹಗುರಾಗಿ ನಕ್ಕಳು. "ಅಷ್ಟನಾ? ಬರ್ರಿ, ತೋರಸ್ತೀನಿ."

"ಪಾಸಾದಿ ತಂಗಿ," ಎಂದು ನಿಂಗಪ್ಪ ಮತ್ತೆ ಮಂಚ ಹತ್ತಿ ಮಲಗಿದ. "ಶುರು ಮಾಡ್ರಿ. ಈ ಸಲ ನಾ ಉಳೀತೀನಿ ಅನಸ್ತೈತಿ."